ದಪ್ಪ, ಕಪ್ಪು ಮಡೂರೊ ಸಿಗಾರ್: ಸೇದುವ ಕ್ರಮ, ಅಳೆಯುವ ಕ್ರಮ

ಕಪ್ಪು ಬಣ್ಣದ ದಪ್ಪ ಸಿಗಾರ್ ಕಂಡ ಕೂಡಲೇ ಬರುವ ಮೊದಲ ಮಾತು, 'ಅಬ್ಬಾ, ಇದು ಭಾರೀ ಸ್ಟ್ರಾಂಗ್ ಇರಬೇಕು.' ಈ ಊಹೆಯನ್ನು ಮೊದಲು ಬಿಡಿ. ಬಣ್ಣಕ್ಕೂ ನಿಕೋಟಿನ್‌ಗೂ ನೇರ ಸಂಬಂಧ ಇಲ್ಲ. ದಪ್ಪಕ್ಕೂ ಕಡಕ್‌ತನಕ್ಕೂ ಇಲ್ಲ. ಮೆತ್ತಗಿನ ಕಪ್ಪು ಸಿಗಾರ್‌ಗಳಿವೆ. ತಲೆ ಗಿರ್ ಅನ್ನಿಸುವ ತಿಳಿಕಂದು ಸಿಗಾರ್‌ಗಳೂ ಇವೆ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಅರ್ಧ ಸೇದಿ, ಕಹಿ ಬಂತು ಅಂತ ಸಿಗಾರ್ ಚೆನ್ನಾಗಿಲ್ಲ ಎಂದು ಷರಾ ಬರೆದುಬಿಡುತ್ತಾರೆ. ಆದರೆ ಆ ಕಹಿ ಬಂದದ್ದು ಎಲ್ಲಿಂದ? ಎಲೆಯಿಂದಲೇ ಬಂದಿರಬಹುದು. ಇಟ್ಟ ಪೆಟ್ಟಿಗೆಯಲ್ಲಿ ತೇವ ಜಾಸ್ತಿ ಇದ್ದಿರಬಹುದು. ಸೇದುವವರು ಅವಸರ ಮಾಡಿರಬಹುದು. ಎಲೆ, ಪೆಟ್ಟಿಗೆ, ಕೈ: ಈ ಮೂರರಲ್ಲಿ ತಪ್ಪು ಯಾರದ್ದು ಅಂತ ಹೇಳಲು ಬಂದರೆ ಸಿಗಾರ್ ಅಳೆಯಲು ಬಂತು ಅಂತಲೇ ಲೆಕ್ಕ. ಮುಂದೆ ಬರುವ ಹಂತಗಳೆಲ್ಲ ಪೆಟ್ಟಿಗೆಯ ತಪ್ಪನ್ನೂ ಕೈಯ ತಪ್ಪನ್ನೂ ಮೊದಲೇ ಕಳೆದುಬಿಡುವುದಕ್ಕೆ. ಅವೆರಡೂ ಹೋದ ಮೇಲೆ ಉಳಿಯುವುದು ಎಲೆ ಮತ್ತು ಅದನ್ನು ಸುತ್ತಿದವರ ಕೆಲಸ. ಅಂಕ ಕೊಡಬೇಕಾದ್ದು ಅದಕ್ಕೆ ಮಾತ್ರ.

ಎಲೆ ಕಪ್ಪಾಗುವುದು ಹೇಗೆ

ಸಿಗಾರ್‌ನಲ್ಲಿ ಮೂರು ಪದರ. ಒಳಗೆ ತುಂಬಿದ್ದು ಫಿಲ್ಲರ್. ಅದನ್ನು ಬಿಗಿಯಾಗಿ ಹಿಡಿದಿಡುವ ಎಲೆ ಬೈಂಡರ್. ಕಣ್ಣಿಗೆ ಕಾಣುವ ಹೊರಗಿನ ಎಲೆ ವ್ರ್ಯಾಪರ್. ಉದ್ದ ಎಲೆಗಳನ್ನೇ ಫಿಲ್ಲರ್ ಮಾಡಿ, ಕೈಯಲ್ಲೇ ಸುತ್ತಿದ ಸಿಗಾರ್‌ಗಳನ್ನು ಪ್ರೀಮಿಯಂ ಅನ್ನುತ್ತಾರೆ. ಚೂರು ತಂಬಾಕು ತುಂಬಿ ಯಂತ್ರದಲ್ಲಿ ಮಾಡಿದ್ದನ್ನು ಈ ಅಳತೆಗೋಲಿನಿಂದ ಅಳೆಯುವುದರಲ್ಲಿ ಅರ್ಥವಿಲ್ಲ.

ಮಡೂರೊ ಒಂದು ತಳಿಯಲ್ಲ. ಎಲೆಯನ್ನು ಹದ ಮಾಡಿದ ರೀತಿಗೂ ಅದರಿಂದ ಬಂದ ಬಣ್ಣಕ್ಕೂ ಆ ಹೆಸರು. ಒಣಗಿಸಿದ ಎಲೆಗೆ ತೇವ ಕೊಟ್ಟು ಆಳೆತ್ತರದ ರಾಶಿ ಹಾಕುತ್ತಾರೆ. ರಾಶಿಯ ಒಳಗೆ ತಾನಾಗಿಯೇ ಬಿಸಿ ಏರಿ ಎಲೆ ಹುದುಗುತ್ತದೆ. ಅಮೋನಿಯಾ ಹೊರಗೆ ಹೋಗುತ್ತದೆ, ಘಾಟು ಇಳಿಯುತ್ತದೆ, ಬಣ್ಣ ಗಾಢವಾಗುತ್ತದೆ. ಬಿಸಿ ಮಿತಿ ಮೀರುವ ಮೊದಲು ರಾಶಿ ಬಿಚ್ಚಿ, ಒಳಗಿನ ಎಲೆ ಹೊರಗೆ, ಹೊರಗಿನದು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಮಡೂರೊಗೆ ಈ ಕೆಲಸ ಜಾಸ್ತಿ ದಿನ, ಜಾಸ್ತಿ ಬಿಸಿಯಲ್ಲಿ ನಡೆಯುತ್ತದೆ. ತೆಳು ಎಲೆ ಇದನ್ನು ತಾಳುವುದಿಲ್ಲ. ಹಾಗಾಗಿ ದಪ್ಪನೆಯ, ಎಣ್ಣೆಯಂಶ ಇರುವ ಎಲೆಯೇ ಬೇಕು.

ಇಂಥ ಎಲೆ ಬರುವ ಜಾಗಗಳಲ್ಲಿ ಮೂರನ್ನಾದರೂ ನೆನಪಿಡಿ. ಮೊದಲನೆಯದು ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯ ಬ್ರಾಡ್‌ಲೀಫ್. ಇದನ್ನು ನೆರಳು ಬಟ್ಟೆ ಕಟ್ಟದೆ ಬಯಲು ಬಿಸಿಲಿನಲ್ಲಿ ಬೆಳೆಯುತ್ತಾರೆ. ಎಲೆ ಎಲೆಯಾಗಿ ಕೀಳದೆ ಇಡೀ ಗಿಡವನ್ನೇ ಕಡಿದು ತೂಗುಹಾಕಿ ಒಣಗಿಸುತ್ತಾರೆ. ನೋಡಲು ಒರಟು, ನರಗಳು ಎದ್ದು ಕಾಣುತ್ತವೆ. ರುಚಿಯಲ್ಲಿ ಸಿಹಿ ಮತ್ತು ಮಣ್ಣಿನ ಸೊಗಡು. ಎರಡನೆಯದು ಮೆಕ್ಸಿಕೊದ ವೆರಾಕ್ರೂಜ್ ರಾಜ್ಯದ ಸಾನ್ ಆಂಡ್ರೆಸ್ ಕಣಿವೆಯ ಎಲೆ. ಅಲ್ಲಿಯದು ಜ್ವಾಲಾಮುಖಿ ಮಣ್ಣು. ಕೋಕೋ, ಮೆಣಸು, ಒಂದು ಬಗೆಯ ಒಣ ಖನಿಜದ ರುಚಿ ಇದರ ಗುರುತು. ಮೂರನೆಯದು ಬ್ರೆಜಿಲ್‌ನ ಬಹಿಯಾ ರಾಜ್ಯದ ಮಾಟಾ ಫೀನಾ. ಇದು ಸ್ವಲ್ಪ ಮೆತ್ತಗೆ, ಸಿಹಿ ಜಾಸ್ತಿ.

ಎಲ್ಲ ಕಪ್ಪೂ ಹುದುಗಿನಿಂದ ಬಂದ ಕಪ್ಪಲ್ಲ. ಆವಿಯಲ್ಲಿ ಬೇಯಿಸಿ ಕಪ್ಪು ಮಾಡುವುದುಂಟು, ಬಣ್ಣ ಹಚ್ಚುವುದೂ ಉಂಟು. ಒಳ್ಳೆಯ ಮಡೂರೊ ಎಲೆಯಲ್ಲಿ ಬಣ್ಣ ಪೂರ್ತಿ ಒಂದೇ ಸಮ ಇರುವುದಿಲ್ಲ. ಅಲ್ಲಲ್ಲಿ ಕಂದು, ಅಲ್ಲಲ್ಲಿ ಕಪ್ಪು, ನರದ ಹತ್ತಿರ ಬೇರೆ ಛಾಯೆ. ಪೇಂಟ್ ಹೊಡೆದಂತೆ ಒಂದೇ ಸಮ ಕಪ್ಪಿದ್ದರೆ ಅನುಮಾನ ಇರಲಿ. ತುಟಿಗೆ ಸ್ವಲ್ಪ ಕಂದು ಹತ್ತುವುದು ಸಹಜ, ಅದಕ್ಕೆ ಗಾಬರಿ ಬೇಡ. ತುಟಿಯೂ ಬೆರಳೂ ಪೂರ್ತಿ ಕಪ್ಪಾದರೆ ಮಾತ್ರ ಟಿಪ್ಪಣಿಯಲ್ಲಿ ಬರೆದಿಡಿ.

ಹಾಗಾದರೆ ಕಡಕ್‌ತನ ಎಲ್ಲಿಂದ? ಬಹುಪಾಲು ಫಿಲ್ಲರ್‌ನಿಂದ. ಗಿಡದ ಕೆಳಭಾಗದ ಎಲೆ ವೊಲಾಡೊ, ಅದು ಸಲೀಸಾಗಿ ಉರಿಯುತ್ತದೆ. ನಡುಭಾಗದ ಸೆಕೊ ಪರಿಮಳ ಕೊಡುತ್ತದೆ. ತುದಿಯ ಲಿಹೆರೊ ಬಿಸಿಲುಂಡು ದಪ್ಪಗಾದ ಎಲೆ. ನಿಕೋಟಿನ್ ಜಾಸ್ತಿ, ಉರಿಯುವುದು ನಿಧಾನ. ಅದಕ್ಕೇ ಸುತ್ತುವವರು ಅದನ್ನು ನಟ್ಟನಡುವೆ ಇಡುತ್ತಾರೆ. ನಿಮ್ಮ ಸಿಗಾರ್‌ನಲ್ಲಿ ಲಿಹೆರೊ ಎಷ್ಟಿದೆ ಅನ್ನುವುದರ ಮೇಲೆ ಅದರ ಪೆಟ್ಟು ನಿಂತಿದೆ.

ವ್ರ್ಯಾಪರ್ ಏನು ಮಾಡುತ್ತದೆ ಅಂತ ಕಣ್ಣಾರೆ, ಬಾಯಾರೆ ತಿಳಿಯಬೇಕಾದರೆ ಒಂದು ಸುಲಭ ದಾರಿ ಇದೆ. ನಿಕರಾಗುವಾದ ಪದ್ರೋನ್ 1964 ಆನಿವರ್ಸರಿ ಸರಣಿಯಂಥ ಕೆಲವು ಸಿಗಾರ್‌ಗಳು ಒಂದೇ ಅಳತೆಯಲ್ಲಿ ನ್ಯಾಚುರಲ್ (ಮಡೂರೊಗಿಂತ ತಿಳಿ ಬಣ್ಣದ ವ್ರ್ಯಾಪರ್) ಮತ್ತು ಮಡೂರೊ ಎರಡೂ ಬಗೆಯಲ್ಲಿ ಸಿಗುತ್ತವೆ. ಒಂದು ದಿನ ಇದು, ಇನ್ನೊಂದು ದಿನ ಅದು ಸೇದಿ ನೋಡಿ. ಯಾವ ವಿವರಣೆಯೂ ಅಷ್ಟು ಚೆನ್ನಾಗಿ ಹೇಳಲಾರದು.

ದಪ್ಪದ ಲೆಕ್ಕ

ಸಿಗಾರ್‌ನ ದಪ್ಪವನ್ನು ರಿಂಗ್ ಗೇಜ್‌ನಲ್ಲಿ ಹೇಳುತ್ತಾರೆ. ಒಂದು ರಿಂಗ್ ಅಂದರೆ ಒಂದು ಇಂಚಿನ 64ನೇ ಒಂದು ಭಾಗ. 50 ರಿಂಗ್ ಅಂದರೆ ಸುಮಾರು 19.8 ಮಿಲಿಮೀಟರ್, 60 ರಿಂಗ್ ಅಂದರೆ 23.8. ರೊಬುಸ್ಟೊ ಸಾಮಾನ್ಯವಾಗಿ 5 ಇಂಚು ಉದ್ದ, 50 ರಿಂಗ್. ಟೊರೊ 6 ಇಂಚು, 50ರಿಂದ 54. ಡಬಲ್ ಕೊರೊನಾ ಏಳೂವರೆ ಇಂಚಿನ ಆಸುಪಾಸು. ಗೋರ್ಡೊ 6 ಇಂಚು, 60 ರಿಂಗ್.

50ರಿಂದ 60ಕ್ಕೆ ಹೋದರೆ ಬರೀ 4 ಮಿಲಿಮೀಟರ್ ತಾನೆ ಅನ್ನಿಸಬಹುದು. ಆದರೆ ಉರಿಯುವ ಬಾಯಿಯ ವಿಸ್ತಾರ 44 ಶೇಕಡಾ ಜಾಸ್ತಿ ಆಗುತ್ತದೆ. ಒಳಗಿನ ತಂಬಾಕು ಈ ಲೆಕ್ಕದಲ್ಲಿ ಬೆಳೆಯುತ್ತದೆ, ಸುತ್ತಲಿನ ವ್ರ್ಯಾಪರ್ ಮಾತ್ರ ಅಷ್ಟು ಬೆಳೆಯುವುದಿಲ್ಲ. 40 ರಿಂಗ್‌ನ ಸಣ್ಣ ಸಿಗಾರ್‌ಗೆ ಹೋಲಿಸಿದರೆ, 60 ರಿಂಗ್‌ನಲ್ಲಿ ಒಳಗಿನ ತಂಬಾಕಿನ ಎದುರು ವ್ರ್ಯಾಪರ್‌ನ ಪಾಲು ಮೂರರಲ್ಲಿ ಎರಡಕ್ಕೆ ಇಳಿದಿರುತ್ತದೆ. ಅಂದರೆ ಮಡೂರೊ ಎಲೆಯ ರುಚಿಗಾಗಿ ಅತಿ ದಪ್ಪದ್ದನ್ನು ಕೊಂಡವರಿಗೆ ಆ ರುಚಿಯೇ ತೆಳುವಾಗಿ ಸಿಗುತ್ತದೆ! ನನ್ನನ್ನು ಕೇಳಿದರೆ 50ರಿಂದ 54ರ ಒಳಗಿನ ಟೊರೊ ಮಡೂರೊಗೆ ಹೇಳಿ ಮಾಡಿಸಿದ ಅಳತೆ. 60ರ ಮೇಲೆ ಹೋದಂತೆ ಹೊಗೆ ತಂಪಾಗುತ್ತದೆ, ಜಾಸ್ತಿ ಬರುತ್ತದೆ, ರುಚಿ ಮಾತ್ರ ಮಂಕಾಗುತ್ತದೆ. ಒಪ್ಪದವರು ಬಹಳ ಜನ ಇದ್ದಾರೆ, ಇರಲಿ.

ದೇಹದ ವಿಷಯ

ಸಿಗಾರ್ ಹೊಗೆಯನ್ನು ಒಳಗೆ ಎಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತಾರೆ. ಹಾಗಂತ ಅದು ನಿರಪಾಯ ಅಲ್ಲ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗಾರ್ ಕೂಡ ಕಾರಣ. ಸಿಗಾರ್ ಹೊಗೆ ಕ್ಷಾರೀಯವಾಗಿರುವುದರಿಂದ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತದೆ. ಒಂದು ಸಿಗರೇಟಿನಲ್ಲಿ ತಂಬಾಕು ಒಂದು ಗ್ರಾಮಿಗಿಂತ ಕಡಿಮೆ. ದೊಡ್ಡ ಸಿಗಾರ್‌ನಲ್ಲಿ 5ರಿಂದ 20 ಗ್ರಾಂವರೆಗೆ ಇರಬಹುದು. ಸೇದದವರು ಈ ಲೇಖನ ಓದಿ ಶುರು ಮಾಡಬೇಕಾಗಿಲ್ಲ. ಸೇದುವವರು ಮಕ್ಕಳಿರುವ ಕಡೆ, ಮುಚ್ಚಿದ ಕೋಣೆಯಲ್ಲಿ ಸೇದಬೇಡಿ. ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ತಣ್ಣನೆ ಬೆವರು, ಓಕರಿಕೆ, ತಲೆಸುತ್ತು ಬಂದರೆ ಅಲ್ಲಿಗೇ ಸಿಗಾರ್ ಕೆಳಗಿಡಿ. ನೀರು ಕುಡಿದು, ಏನಾದರೂ ಸಿಹಿ ತಿಂದು ಕುಳಿತುಕೊಳ್ಳಿ. ಪಂಥಕ್ಕೆ ಬಿದ್ದು ಮುಗಿಸುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ.

ಹಂತ 1: ತೇವ ಸರಿಮಾಡಿ

ಅರ್ಧಕ್ಕರ್ಧ ದೂರುಗಳ ಮೂಲ ಇಲ್ಲಿದೆ ಅಂತ ನನ್ನ ಅನಿಸಿಕೆ. ಹ್ಯೂಮಿಡರ್‌ನಲ್ಲಿ, ಅಂದರೆ ತೇವ ಕಾಯ್ದು ಸಿಗಾರ್ ಇಡುವ ಪೆಟ್ಟಿಗೆಯಲ್ಲಿ, ತೇವಾಂಶ 65ರಿಂದ 70 ಶೇಕಡಾ, ಉಷ್ಣತೆ 18ರಿಂದ 21 ಡಿಗ್ರಿ ಸೆಲ್ಸಿಯಸ್ ಇರಲಿ ಅನ್ನುವುದು ಎಲ್ಲರೂ ಹೇಳುವ ಮಾತು. ದಪ್ಪ ಮಡೂರೊಗೆ ನಾನು 65ರ ಕಡೆಗೇ ವಾಲುತ್ತೇನೆ. ದಪ್ಪನೆಯ, ಎಣ್ಣೆ ತುಂಬಿದ ಎಲೆ ಮೊದಲೇ ನಿಧಾನವಾಗಿ ಉರಿಯುವಂಥದ್ದು. ಅದಕ್ಕೆ 70ರ ತೇವವೂ ಸೇರಿದರೆ ಪದೇ ಪದೇ ಆರುತ್ತದೆ, ಹುಳಿಯಾಗುತ್ತದೆ, ವ್ರ್ಯಾಪರ್ ಉಬ್ಬಿ ಸೀಳುತ್ತದೆ.

ನಿಮ್ಮ ತೇವಮಾಪಕ ಹೇಳುವ ಅಂಕಿ ನಿಜವೇ ಅಂತ ಮೊದಲು ಪರೀಕ್ಷೆ ಮಾಡಿ. ಸಣ್ಣ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ. ಒದ್ದೆ ಆಗುವಷ್ಟೇ ನೀರು ಬೆರೆಸಿ, ಉಪ್ಪು ಪೂರ್ತಿ ಕರಗಬಾರದು. ಗಾಳಿ ಆಡದ ಚೀಲದಲ್ಲಿ ಮಾಪಕದ ಜೊತೆ ಒಂದು ದಿನ ಮುಚ್ಚಿಡಿ. ಒಳಗಿನ ತೇವ 75 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಮಾಪಕ 71 ತೋರಿಸಿದರೆ ಅದು 4 ಅಂಕಿ ಕಡಿಮೆ ಹೇಳುತ್ತಿದೆ ಅಂತ ಅರ್ಥ.

ಹೊಸದಾಗಿ ಬಂದ ಸಿಗಾರ್‌ಗೆ ಒಂದೆರಡು ವಾರ ವಿಶ್ರಾಂತಿ ಕೊಡಿ. ದಪ್ಪಗಿರುವುದರಿಂದ ಒಳಗಿನ ತೇವವೂ ಹೊರಗಿನ ತೇವವೂ ಸಮ ಆಗಲು ಹೊತ್ತು ಹಿಡಿಯುತ್ತದೆ. ತೇವ ಜಾಸ್ತಿ ಅನ್ನಿಸಿದರೆ, ಸೇದುವ ಒಂದೆರಡು ದಿನ ಮೊದಲು ತೇವದ ಪ್ಯಾಕೆಟ್ ಇಲ್ಲದ ಸೀಡರ್ ಪೆಟ್ಟಿಗೆಯಲ್ಲಿ ಸುಮ್ನೆ ಇಟ್ಟುಬಿಡಿ. ಬಿಸಿ ಏರದಂತೆ ನೋಡಿಕೊಳ್ಳಿ, ಸೆಕೆಯಲ್ಲಿ ತಂಬಾಕು ಹುಳದ ಮೊಟ್ಟೆ ಒಡೆದು ಪೆಟ್ಟಿಗೆಗೆ ಪೆಟ್ಟಿಗೆಯೇ ತೂತಾಗುತ್ತದೆ. ಕಪ್ಪು ಎಲೆಯ ಮೇಲೆ ಬಿಳಿ ಕಂಡರೆ ಅದು ಬೂಷ್ಟು ಅಂತಲೇ ಮೊದಲು ಎಣಿಸಿ. ಹತ್ತಿಯಂತೆ ಎದ್ದಿದ್ದರೆ, ಹಸಿರು ನೀಲಿ ಛಾಯೆ ಇದ್ದರೆ ಖಂಡಿತ ಬೂಷ್ಟು. ಉರಿಸುವ ತುದಿಯೊಳಗೂ ಹಬ್ಬಿದ್ದರೆ ಎಸೆಯಿರಿ.

ಹಂತ 2: ಹಚ್ಚುವ ಮೊದಲು ನೋಡಿ, ಮುಟ್ಟಿ, ಮೂಸಿ

ಬೆಳಕಿನಲ್ಲಿ ಹಿಡಿದು ತಿರುಗಿಸಿ. ವ್ರ್ಯಾಪರ್‌ನ ಅಂಚು ಬಿಗಿಯಾಗಿ ಕೂತಿದೆಯೇ? ತಲೆಯ ಟೋಪಿ, ಅಂದರೆ ಬಾಯಿಗಿಡುವ ತುದಿಯನ್ನು ಮುಚ್ಚಿದ ಎಲೆಯ ಚೂರು, ನೀಟಾಗಿದೆಯೇ? ಬ್ರಾಡ್‌ಲೀಫ್ ಆದರೆ ನರ ಒರಟಾಗಿದ್ದಕ್ಕೆ ಅಂಕ ಕಳೆಯಬೇಡಿ, ಆ ಎಲೆಯ ಜಾಯಮಾನವೇ ಹಾಗೆ. ಎಣ್ಣೆಯ ಹೊಳಪು ಇದ್ದರೆ ಒಳ್ಳೆಯ ಗುರುತು. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಪೆಟ್ಟಿಗೆಯ ತಪ್ಪು.

ಈಗ ತಲೆಯಿಂದ ಬುಡದವರೆಗೆ (ಬೆಂಕಿ ಹಚ್ಚುವ ತುದಿಯೇ ಬುಡ) ಎರಡು ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ಬನ್ನಿ. ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಎದ್ದು ಬರಬೇಕು. ಚರಚರ ಸದ್ದು ಬಂದರೆ ಒಣಗಿದೆ. ಒಂದು ಕಡೆ ಟೊಳ್ಳು ಸಿಕ್ಕರೆ ಅಲ್ಲಿ ಬಿಸಿಯಾಗಿ, ಬೇಗ ಉರಿಯುತ್ತದೆ. ಗಂಟು ಸಿಕ್ಕರೆ ಹೊಗೆ ಬರುವುದು ಕಷ್ಟ. ಇವೆರಡೂ ಸುತ್ತಿದವರ ತಪ್ಪು, ಈಗಲೇ ಬರೆದಿಡಿ. ಆಮೇಲೆ ಉರಿ ಡೊಂಕಾದಾಗ ಕಾರಣ ಹುಡುಕಲು ಇದು ಬೇಕಾಗುತ್ತದೆ.

ಬುಡದ ಕಡೆಯಿಂದ ನೋಡಿದರೆ ಎಲೆಗಳ ಮಡಿಕೆ ಕಾಣುತ್ತದೆ. ಒತ್ತೊತ್ತಾಗಿ, ಆದರೆ ನಡುವೆ ಗಾಳಿ ಆಡುವಂತೆ ಇರಬೇಕು. ಮೂಸಿ ನೋಡಿ. ವ್ರ್ಯಾಪರ್‌ನಲ್ಲಿ ಕೋಕೋ, ಒಣದ್ರಾಕ್ಷಿ, ಚರ್ಮ, ಕೊಟ್ಟಿಗೆಯ ವಾಸನೆ ಕೂಡ ಬರಬಹುದು. ಕೊಟ್ಟಿಗೆ ವಾಸನೆ ದೋಷವಲ್ಲ. ಮೂಗಿಗೆ ಚುಚ್ಚುವ ಅಮೋನಿಯಾ ಬಂದರೆ ಮಾತ್ರ ಅದು ಇನ್ನೂ ಎಳಸು. ಕೆಲವು ತಿಂಗಳು ಹಾಗೇ ಇಡಿ. ಅದನ್ನು ಇವತ್ತು ಸೇದಿ ಅಳೆದರೆ ಸಿಗಾರ್‌ಗೆ ಅನ್ಯಾಯ.

ಹಂತ 3: ಕತ್ತರಿಸುವುದು

ತಲೆಯ ಗುಂಡುಭಾಗ ನೇರವಾಗಲು ಶುರುವಾಗುವ ಗೆರೆ ಇದೆಯಲ್ಲ, ಅದಕ್ಕಿಂತ ಮೇಲೆಯೇ ಕತ್ತರಿಸಬೇಕು. ಸುಮಾರು 2 ಮಿಲಿಮೀಟರ್ ಸಾಕು. ಗೆರೆ ದಾಟಿದರೆ ಟೋಪಿ ಬಿಚ್ಚಿ, ವ್ರ್ಯಾಪರ್ ಸುರುಳಿ ಸುರುಳಿಯಾಗಿ ಕೈಗೆ ಬರುತ್ತದೆ. ಎರಡಲಗಿನ ಕಟರ್ ತೆಗೆದುಕೊಳ್ಳಿ, ಮೊದಲು ಅಲಗು ತಾಗಿಸಿ ಜಾಗ ನೋಡಿ, ಆಮೇಲೆ ಒಂದೇ ಏಟಿಗೆ ಮುಚ್ಚಿ. ಎಲ್ಲ ಕಟರ್‌ನ ಬಾಯಿಗೂ 60 ರಿಂಗ್ ಹಿಡಿಸುವುದಿಲ್ಲ, ಮೊದಲೇ ನೋಡಿಕೊಳ್ಳಿ.

ಪಂಚ್ ಕಟರ್ ದಪ್ಪ ಮಡೂರೊಗೆ ನನಗೆ ಸರಿ ಕಾಣುವುದಿಲ್ಲ. ಅಷ್ಟು ದೊಡ್ಡ ಸಿಗಾರ್‌ನ ಹೊಗೆಯೆಲ್ಲ ಒಂದು ಸಣ್ಣ ತೂತಿನಿಂದ ಬರಬೇಕು. ಜಿಡ್ಡು ಅಲ್ಲೇ ಕಟ್ಟುತ್ತದೆ, ಕೊನೆಯ ಭಾಗದಲ್ಲಿ ಕಹಿ ನಾಲಿಗೆಗೇ ತಾಗುತ್ತದೆ.

ಕತ್ತರಿಸಿದ ಮೇಲೆ ಬೆಂಕಿ ಇಲ್ಲದೆ ಒಮ್ಮೆ ಎಳೆದು ನೋಡಿ. ಸ್ವಲ್ಪ ತಡೆ ಇರಬೇಕು. ಕೆನ್ನೆ ಒಳಗೆ ಹೋಗುವಷ್ಟು ಬಿಗಿ ಇದ್ದರೆ ಇನ್ನೊಂದು ಚೂರು ಕತ್ತರಿಸಿ. ಆಗಲೂ ಬಿಗಿಯಾಗಿದ್ದರೆ ಉದ್ದ ಸೂಜಿಯಂಥ ಡ್ರಾ ಟೂಲ್ ಹಾಕಿ ದಾರಿ ಮಾಡಬಹುದು, ಆದರೆ ಅಂಕ ಕಳೆಯಿರಿ. ತಡೆಯೇ ಇಲ್ಲ ಅಂದರೂ ದೋಷವೇ. ಅಂಥದ್ದು ಬಿಸಿಯಾಗಿ ಉರಿಯುತ್ತದೆ.

ಹಂತ 4: ಹಚ್ಚುವುದು

ದಪ್ಪ ಸಿಗಾರ್ ಹಚ್ಚುವುದರಲ್ಲಿ ಅವಸರ ಮಾಡಿದರೆ ಅದರ ಫಲ ಅರ್ಧ ಗಂಟೆ ಕಾಡುತ್ತದೆ. ಬ್ಯುಟೇನ್ ಲೈಟರ್ ಅಥವಾ ಉದ್ದನೆ ಬೆಂಕಿಕಡ್ಡಿ ಬಳಸಿ. ಕಡ್ಡಿಯಾದರೆ ತಲೆಯ ಮದ್ದು ಉರಿದು ಮುಗಿಯುವವರೆಗೆ ಕಾಯಿರಿ. ಪೆಟ್ರೋಲ್ ಜಾತಿಯ ಎಣ್ಣೆ ತುಂಬುವ ಲೈಟರ್ ಬೇಡ, ಅದರ ವಾಸನೆ ಎಲೆಗೆ ಹತ್ತುತ್ತದೆ.

ಸಿಗಾರ್ ಬಾಯಿಗೆ ಇಡುವ ಮೊದಲು ಬುಡವನ್ನು ಕಾಯಿಸಿ. ಜ್ವಾಲೆಯ ತುದಿಗಿಂತ ಸ್ವಲ್ಪ ಮೇಲೆ, ಓರೆಯಾಗಿ ಹಿಡಿದು ತಿರುಗಿಸುತ್ತಾ ಇರಿ. ಜ್ವಾಲೆ ಎಲೆಗೆ ನೇರವಾಗಿ ತಾಗಬಾರದು, ಮೂರು ನಾಲಗೆಯ ಟಾರ್ಚ್ ಲೈಟರ್ ಆದರಂತೂ ಇನ್ನೂ ದೂರ. ಮೊದಲು ಸುತ್ತಲಿನ ಅಂಚು ಕೆಂಪಾಗಲಿ. ಮಡೂರೊ ವ್ರ್ಯಾಪರ್ ದಪ್ಪ, ಅದು ಹಿಂದೆ ಬಿದ್ದರೆ ಆಮೇಲೆ ಒಳಗಿನದೆಲ್ಲ ಮುಂದೆ ಓಡುತ್ತದೆ. ಆಮೇಲೆ ನಡುಭಾಗ. ಪೂರ್ತಿ ಬುಡ ಒಂದೇ ಸಮ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಬಾಯಿಗಿಟ್ಟು, ಜ್ವಾಲೆ ದೂರ ಹಿಡಿದೇ ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ. ಹೊರತೆಗೆದು ಬುಡಕ್ಕೆ ಊದಿ ನೋಡಿ. ಕಪ್ಪು ಉಳಿದ ಜಾಗ ಗೊತ್ತಾಗುತ್ತದೆ. ಅಲ್ಲಿ ಮಾತ್ರ ಮತ್ತೆ ಬೆಂಕಿ ತೋರಿಸಿ.

ಹಚ್ಚಿದ ಮೇಲೆ ಒಂದು ನಿಮಿಷ ಮುಟ್ಟಬೇಡಿ. ಮೊದಲ ಕೆಲವು ಎಳೆತದ ರುಚಿಗೆ ಅಂಕ ಕೊಡಬೇಡಿ, ಅದರಲ್ಲಿ ಲೈಟರ್‌ನ ಬಿಸಿಯದ್ದೇ ಪಾಲು ಜಾಸ್ತಿ.

ಹಂತ 5: ವೇಗ

ನಿಮಿಷಕ್ಕೊಂದು ಎಳೆತ ಅನ್ನುವುದು ಹಳೆಯ ಲೆಕ್ಕ, ಬಹುಮಟ್ಟಿಗೆ ಸರಿಯಾದದ್ದೇ. ದಪ್ಪದ್ದರಲ್ಲಿ ಒಂದು ಇಕ್ಕಟ್ಟಿದೆ. ಜಾಸ್ತಿ ನಿಧಾನ ಮಾಡಿದರೆ ನಡುವಿನ ಲಿಹೆರೊ ಆರಿಹೋಗುತ್ತದೆ. ಬೇಗ ಬೇಗ ಎಳೆದರೆ ಬಿಸಿಯಾಗಿ ಕಹಿಯಾಗುತ್ತದೆ. ಇದಕ್ಕೆ ಜೋಡಿ ಎಳೆತ ಒಳ್ಳೆಯ ಉಪಾಯ. ಮೊದಲು ಚಿಕ್ಕದಾಗಿ ಎಳೆದು ಕೆಂಡ ಎಬ್ಬಿಸಿ, ಆ ಹೊಗೆ ಬಿಟ್ಟುಬಿಡಿ. ಕೂಡಲೇ ನಿಧಾನವಾಗಿ, ಉದ್ದಕ್ಕೆ ಎರಡನೆಯದು ಎಳೆಯಿರಿ. ರುಚಿ ನೋಡಬೇಕಾದ್ದು ಈ ಎರಡನೆಯದನ್ನು. ಆಮೇಲೆ ಒಂದು ನಿಮಿಷ, ಒಂದೂವರೆ ನಿಮಿಷ ಬಿಡುವು.

ಬಿಸಿ ಹಿಡಿಯಲು ಬೆರಳೇ ಸಾಕು. ಉರಿಯುವ ಗೆರೆಯಿಂದ ಒಂದು ಇಂಚು ಹಿಂದೆ ಮುಟ್ಟಿ. ಬೆಚ್ಚಗಿದ್ದರೆ ಸರಿ. ಸುಡುವಂತಿದ್ದರೆ ಎರಡು ನಿಮಿಷ ಕೆಳಗಿಡಿ. ಹೊಗೆ ನಾಲಿಗೆ ತುದಿಗೆ ಚುರುಕ್ ಅಂದರೂ ಅದೇ ಸೂಚನೆ. 6 ಇಂಚಿನ 60 ರಿಂಗ್ ಸಿಗಾರ್‌ಗೆ ಒಂದೂವರೆಯಿಂದ ಎರಡು ಗಂಟೆ ಬೇಕು. ಅಷ್ಟು ಹೊತ್ತು ಇಲ್ಲದ ದಿನ ಚಿಕ್ಕದನ್ನು ಆರಿಸಿಕೊಳ್ಳಿ. 50 ನಿಮಿಷಕ್ಕೆ ಮುಗಿಸಿದ ಗೋರ್ಡೊ ಬಗ್ಗೆ ಯಾರಾದರೂ ಕಹಿ ಅಂದರೆ, ಆ ತೀರ್ಪಿಗೆ ಬೆಲೆ ಇಲ್ಲ ಅಲ್ವಾ?

ಕುಡಿಯಲು ಬರೀ ನೀರು. ಕಾಫಿ, ವಿಸ್ಕಿ, ರಮ್ ಎಲ್ಲ ಮಡೂರೊ ಜೊತೆ ಚೆನ್ನಾಗಿ ಹೊಂದುತ್ತವೆ, ತಕರಾರಿಲ್ಲ. ಆದರೆ ಅವು ಸಿಗಾರ್‌ನಲ್ಲಿ ಇಲ್ಲದ ಸಿಹಿಯನ್ನೂ ಕೊಡುತ್ತವೆ, ಇರುವ ಒರಟನ್ನೂ ಮುಚ್ಚುತ್ತವೆ. ಅಳೆಯುವ ದಿನ ಅವನ್ನು ದೂರ ಇಡಿ.

ಹಂತ 6: ಮೂಗಿನ ದಾರಿ

ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ನಾಲ್ಕಾರು ರುಚಿ ಮಾತ್ರ. ಕೋಕೋ, ಕಾಫಿ, ಸೀಡರ್ ಮರ ಎಲ್ಲ ಮೂಗಿನ ಕೆಲಸ. ಅದಕ್ಕೆ ರೆಟ್ರೊಹೇಲ್ ಕಲಿಯಲೇಬೇಕು. ಹೊಗೆ ಬಾಯಲ್ಲಿ ತುಂಬಿಕೊಳ್ಳಿ. ಮುಕ್ಕಾಲು ಪಾಲು ಬಾಯಿಂದಲೇ ಬಿಟ್ಟುಬಿಡಿ. ಈಗ ಬಾಯಿ ಮುಚ್ಚಿ, ಉಳಿದ ಚೂರು ಹೊಗೆಯನ್ನು ಉಸಿರು ಬಿಡುವ ಜೊತೆ ಮೂಗಿನಿಂದ ತಳ್ಳಿ. ಒಳಗೆ ಎಳೆಯುವುದು ಎಲ್ಲೂ ಇಲ್ಲ, ನೆನಪಿರಲಿ. ಮೊದಮೊದಲು ಕಣ್ಣಲ್ಲಿ ನೀರು ಬರುತ್ತದೆ. ಪ್ರತಿ ಎಳೆತಕ್ಕೂ ಇದನ್ನು ಮಾಡಬೇಕಾಗಿಲ್ಲ, ಐದಾರಕ್ಕೊಮ್ಮೆ ಸಾಕು.

ಇಲ್ಲಿ ಎರಡು ಖಾರಗಳನ್ನು ಬೇರೆ ಮಾಡಿ ನೋಡಿ. ಮೂಗಿನಲ್ಲಿ ಮೆಣಸಿನಂತೆ ಚುರುಗುಟ್ಟಿ, ಕ್ಷಣದಲ್ಲಿ ಇಳಿದು, ಹಿಂದೆ ಪರಿಮಳ ಬಿಡುವ ಖಾರ ಒಳ್ಳೆಯದು. ಗಂಟಲ ಹಿಂದೆ ಕೆರೆದು ಕೆಮ್ಮು ತರುವ ಘಾಟು ಎಳಸು ಎಲೆಯ ಗುರುತು.

ಹಂತ 7: ಮೂರು ಭಾಗ, ಮೂರು ಟಿಪ್ಪಣಿ

ಸಿಗಾರ್‌ನ ಉದ್ದವನ್ನು ಮೂರು ಪಾಲು ಮಾಡಿ, ಪ್ರತಿ ಪಾಲು ಮುಗಿದಾಗ ಎರಡು ಸಾಲು ಬರೆಯಿರಿ. ಮೊದಲ ಪಾಲಿನಲ್ಲಿ ಮೆಣಸು ಮುಂದೆ ಇರುವುದು ಸಾಮಾನ್ಯ, ನಿಕರಾಗುವಾ ಫಿಲ್ಲರ್ ಇದ್ದರೆ ಇನ್ನೂ ಜೋರು. ಅದರ ಹಿಂದೆ ಮಡೂರೊದ ಸಿಹಿ ಮೆಲ್ಲಗೆ ತಲೆ ಎತ್ತಬೇಕು. ಸಕ್ಕರೆಯ ಸಿಹಿ ಅಲ್ಲ ಅದು. ಕಾಕಂಬಿ, ಒಣದ್ರಾಕ್ಷಿ, ಸಿಹಿ ಹಾಕದ ಕೋಕೋ, ಹುರಿದ ಕಾಫಿಬೀಜದ ಕಡೆಯದ್ದು. ತುಟಿಗೆ ತಾಗಿದ ತಕ್ಷಣ ಸಕ್ಕರೆ ಸವರಿದಂತೆ ಸಿಹಿ ಬಂದರೆ ಟೋಪಿಗೇ ಸಿಹಿ ಹಚ್ಚಿದ್ದಾರೆ ಅಂತ ತಿಳಿಯಿರಿ.

ನಡುವಿನ ಪಾಲು ಸಿಗಾರ್‌ನ ನಿಜವಾದ ಮುಖ. ಮೆಣಸು ಇಳಿದು ಸಿಹಿ, ಮಣ್ಣು, ಚರ್ಮ, ಮರ ಎಲ್ಲ ಒಂದಕ್ಕೊಂದು ಹೊಂದಿಕೊಳ್ಳಬೇಕು. ಇಲ್ಲಿ ಏನೂ ಬದಲಾಗದೆ ಒಂದೇ ರುಚಿ ಎಳೆದುಕೊಂಡು ಹೋದರೆ ಅದನ್ನು ಬರೆಯಿರಿ. ಅದೊಂದೇ ರುಚಿ ಚೆನ್ನಾಗಿದ್ದರೆ ನಾನು ಅಂಕ ಕಳೆಯುವುದಿಲ್ಲ. ಬದಲಾವಣೆಗಾಗಿ ಬದಲಾವಣೆ ಯಾಕೆ ಬೇಕು?

ಇಲ್ಲಿಯೇ ಎರಡು ಬೇರೆ ವಿಷಯಗಳನ್ನು ಬೇರೆಯಾಗಿ ಅಳೆಯಿರಿ. ಬಾಡಿ ಅಂದರೆ ಹೊಗೆ ಬಾಯಲ್ಲಿ ಎಷ್ಟು ದಪ್ಪ, ಎಷ್ಟು ತುಂಬಿಕೊಂಡಿದೆ ಅನ್ನುವುದು. ಸ್ಟ್ರೆಂತ್ ಅಂದರೆ ನಿಕೋಟಿನ್ ಹೊಟ್ಟೆಗೂ ತಲೆಗೂ ಕೊಡುವ ಪೆಟ್ಟು. ಮಡೂರೊದಲ್ಲಿ ಬಾಡಿ ತುಂಬಿದ್ದು, ಸ್ಟ್ರೆಂತ್ ಮಧ್ಯಮ ಇರುವುದು ಬಹಳ ಸಾಮಾನ್ಯ. ಎರಡನ್ನೂ ಒಂದೇ ಅಂತ ಬರೆದರೆ ಓದಿದವರಿಗೆ ದಾರಿ ತಪ್ಪುತ್ತದೆ.

ಬ್ಯಾಂಡ್, ಅಂದರೆ ಸಿಗಾರ್ ಸುತ್ತ ಅಂಟಿಸಿದ ಹೆಸರಿನ ಕಾಗದದ ಪಟ್ಟಿ, ತೆಗೆಯುವುದಿದ್ದರೆ ಬಿಸಿ ಅದರ ಹತ್ತಿರ ಬರುವವರೆಗೆ ಕಾಯಿರಿ. ಅಂಟು ಮೆತ್ತಗಾಗಿ ತಾನೇ ಸಡಿಲವಾಗುತ್ತದೆ. ಮೊದಲೇ ಕಿತ್ತರೆ ವ್ರ್ಯಾಪರ್ ಹರಿಯುತ್ತದೆ.

ಕೊನೆಯ ಪಾಲೇ ಪರೀಕ್ಷೆ. ಇಷ್ಟು ಹೊತ್ತು ಹೊಗೆ ಹಾದುಬಂದ ತಂಬಾಕಿನಲ್ಲಿ ಜಿಡ್ಡು, ನಿಕೋಟಿನ್, ನೀರಿನ ಅಂಶ ಎಲ್ಲ ತಂಗಿರುತ್ತದೆ. ಈಗ ಆ ತಂಬಾಕೇ ಉರಿಯುವ ಸರದಿ. ಹಾಗಾಗಿ ಸ್ವಲ್ಪ ಕಹಿ, ಸ್ವಲ್ಪ ಜೋರು ಎಲ್ಲ ಸಿಗಾರ್‌ನಲ್ಲೂ ಬರುತ್ತದೆ. ಒಳ್ಳೆಯದರಲ್ಲಿ ಆ ಕಹಿ ಕಪ್ಪು ಕಾಫಿಯ ಕಹಿಯಂತಿದ್ದು, ಹಿಂದೆ ಸಿಹಿ ಇನ್ನೂ ಉಳಿದಿರುತ್ತದೆ. ಕೆಟ್ಟದ್ದರಲ್ಲಿ ಸುಟ್ಟ ವಾಸನೆ, ಒಗರು, ಬಾಯಿ ಒಣಗುವುದು. ಅಂಕಕ್ಕೆ ಮೊದಲು ನಿಮ್ಮ ವೇಗ ಇಳಿಸಿ ನೋಡಿ. ಸಿಗಾರ್ ಒಳಗಿಂದ ಹೊರಗೆ ಮೆಲ್ಲಗೆ ಒಮ್ಮೆ ಊದಿ, ಕಟ್ಟಿಕೊಂಡ ಹಳಸಲು ಹೊಗೆ ಹೋಗುತ್ತದೆ. ಆಮೇಲೂ ಕಹಿ ಹಾಗೇ ಇದ್ದರೆ ಅದು ಎಲೆಯದ್ದೇ.

ಉರಿ ಕೆಟ್ಟರೆ ಯಾರ ತಪ್ಪು?

ಒಂದು ಕಡೆ ಮುಂದೆ ಓಡಿ, ಇನ್ನೊಂದು ಕಡೆ ಹಿಂದೆ ಉಳಿದರೆ ಮೊದಲು ಸುಮ್ನಿರಿ. ಹಿಂದುಳಿದ ಬದಿ ಕೆಳಕ್ಕೆ ಬರುವಂತೆ ಹಿಡಿಯಿರಿ. ಎಷ್ಟೋ ಸಲ ನಾಲ್ಕೈದು ಎಳೆತದಲ್ಲಿ ತಾನೇ ಸರಿಯಾಗುತ್ತದೆ. ಅರ್ಧ ಇಂಚಿಗಿಂತ ಜಾಸ್ತಿ ಡೊಂಕಾದರೆ ಹಿಂದುಳಿದ ವ್ರ್ಯಾಪರ್‌ಗೆ ಚೂರು ಬೆಂಕಿ ತೋರಿಸಿ. ದಪ್ಪ ಮಡೂರೊಗೆ ಒಂದೆರಡು ಸಲ ಹೀಗೆ ತಿದ್ದಬೇಕಾಗಿ ಬಂದರೆ ಕ್ಷಮಿಸಬಹುದು. ಒತ್ತಿ ನೋಡುವಾಗ ಟೊಳ್ಳು ಸಿಕ್ಕ ಬದಿಯಲ್ಲೇ ಓಡಿದರೆ ಸುತ್ತಿದವರ ತಪ್ಪು. ಗಾಳಿಗೆ ಎದುರು ಕುಳಿತಿದ್ದರೆ ನಿಮ್ಮದು.

ಹೊರಗೆ ಉರಿಯದೆ ಒಳಗೆ ಮಾತ್ರ ಸುರಂಗ ಕೊರೆದಂತೆ ಉರಿದರೆ ವ್ರ್ಯಾಪರ್‌ನಲ್ಲಿ ತೇವ ಜಾಸ್ತಿ, ಇಲ್ಲವೇ ಎಳೆತದ ನಡುವೆ ತೀರ ಜಾಸ್ತಿ ಬಿಡುವು. ಪದೇ ಪದೇ ಆರಿದರೆ ಮೊದಲ ಅನುಮಾನ ಪೆಟ್ಟಿಗೆಯ ಮೇಲೆ. ಆರಿದ ಸಿಗಾರ್‌ನ ಬೂದಿ ತಟ್ಟಿ, ಹೊಗೆ ಹೊರಗೆ ಊದಿ, ಮತ್ತೆ ಕಾಯಿಸಿ ಹಚ್ಚಿ. ಅರ್ಧ ಗಂಟೆಯೊಳಗಾದರೆ ರುಚಿ ಬಹುಮಟ್ಟಿಗೆ ಉಳಿಯುತ್ತದೆ. ಮರುದಿನಕ್ಕೆ ಇಟ್ಟು ಸೇದುವುದು ಬೇಡ, ಹಳಸಿದ ಬೂದಿಯ ವಾಸನೆ ಬರುತ್ತದೆ.

ಬೂದಿ ಬಿಳಿ ಇದ್ದರೆ ಶ್ರೇಷ್ಠ, ಕಪ್ಪಿದ್ದರೆ ಕಳಪೆ ಅನ್ನುವ ಮಾತು ನಂಬಬೇಡಿ. ಮಣ್ಣಿನಲ್ಲಿ ಮೆಗ್ನೀಸಿಯಂ ಜಾಸ್ತಿ ಇದ್ದರೆ ಬೂದಿ ಬಿಳಿಯಾಗುತ್ತದೆ. ಬೂದಿ ಗಟ್ಟಿಯಾಗಿ ಒಂದು ಇಂಚು ನಿಂತರೆ ಉದ್ದ ಎಲೆ ಚೆನ್ನಾಗಿ ಜೋಡಿಸಿದ್ದಾರೆ ಅಂತ. ಅದಕ್ಕಿಂತ ಉದ್ದ ಬೆಳೆಸುವ ಚಟ ಬಟ್ಟೆಯ ಮೇಲೆ ಬಿದ್ದ ದಿನ ತಾನೇ ಬಿಡುತ್ತದೆ.

ನಿಲ್ಲಿಸುವಾಗ ಸಿಗರೇಟಿನಂತೆ ಒತ್ತಿ ಹೊಸಕಬೇಡಿ. ಬೂದಿಬಟ್ಟಲಲ್ಲಿ ಇಟ್ಟುಬಿಡಿ, ತಾನೇ ಆರುತ್ತದೆ. ಹೊಸಕಿದರೆ ಕೆಟ್ಟ ವಾಸನೆ ಕೋಣೆ ತುಂಬುತ್ತದೆ. ಪೂರ್ತಿ ತಣ್ಣಗಾದ ಮೇಲೆಯೇ ಕಸಕ್ಕೆ ಹಾಕಿ.

ಅಂಕ ಕೊಡುವುದು

ನೂರಕ್ಕೆ ಅಂಕ ಕೊಡುವ ಪದ್ಧತಿಯನ್ನು 1992ರಲ್ಲಿ ಶುರುವಾದ ಸಿಗಾರ್ ಅಫಿಷಿಯೊನಾಡೊ ಪತ್ರಿಕೆ ಜನಪ್ರಿಯ ಮಾಡಿತು. ಅಲ್ಲಿ ಬ್ಯಾಂಡ್ ತೆಗೆದು, ಹೆಸರು ತಿಳಿಯದಂತೆ ಸೇದಿಸುತ್ತಾರೆ. ನೀವೂ ಹಾಗೇ ಮಾಡಿ. ಇನ್ನೊಬ್ಬರ ಕೈಯಲ್ಲಿ ಬ್ಯಾಂಡ್ ಮೇಲೆ ಕಾಗದ ಸುತ್ತಿಸಿದರೆ ಸಾಕು. ಹೆಸರಾಂತ ಬ್ಯಾಂಡ್ ಕಣ್ಣಿಗೆ ಬಿದ್ದ ಕೂಡಲೇ ನಾಲಿಗೆ ಅಂಕ ಕೂಡಿಸಲು ಶುರು ಮಾಡುತ್ತದೆ!

ಮಡೂರೊಗೆ ನಾನು ಬಳಸುವ ಹಂಚಿಕೆ ಹೀಗಿದೆ: ನೋಟ ಮತ್ತು ಕಟ್ಟು 15, ಎಳೆತ ಮತ್ತು ಉರಿ 25, ಮೊದಲೆರಡು ಪಾಲಿನ ರುಚಿ 40, ಕೊನೆಯ ಪಾಲಿಗೇ ಬೇರೆಯಾಗಿ 20. ಕೊನೆಯದಕ್ಕೆ ಅಷ್ಟು ಯಾಕೆ ಅಂದರೆ, ಸಾಧಾರಣ ಮಡೂರೊ ಕೂಡ ಮೊದಲ ಅರ್ಧ ಗಂಟೆ ಕೋಕೋ ಸಿಹಿಯಲ್ಲಿ ಮೆಚ್ಚಿಸಿಬಿಡುತ್ತದೆ. ಎಲೆ ಚೆನ್ನಾಗಿ ಹುದುಗಿದೆಯೋ ಇಲ್ಲವೋ ಗೊತ್ತಾಗುವುದು ಒಂದು ಗಂಟೆಯ ಮೇಲೆ. ಪ್ರತಿ ಅಂಕದ ಪಕ್ಕ ಎಲೆ, ಪೆಟ್ಟಿಗೆ, ಕೈ ಅಂತ ಮೂರರಲ್ಲಿ ಒಂದು ಪದ ಬರೆಯಿರಿ. 'ಪೆಟ್ಟಿಗೆ' ಅಥವಾ 'ಕೈ' ಅಂತ ಬರೆದ ಕಡೆ ಕಳೆದ ಅಂಕ ವಾಪಸ್ ಕೊಡಿ. ತೇವ, ಸೇದಿದ ಹೊತ್ತು, ಅದಕ್ಕೆ ಮೊದಲು ಏನು ತಿಂದಿದ್ದಿರಿ ಅನ್ನುವುದನ್ನೂ ಬರೆದಿಡಿ. ಬೆಲೆಗೆ ಅಂಕ ಬೇಡ. ಕಾಗದ ಬಿಚ್ಚಿ ಹೆಸರು ನೋಡಿದ ಮೇಲೆ, ಆ ದುಡ್ಡಿಗೆ ಮತ್ತೆ ಕೊಳ್ಳುತ್ತೀರಾ ಇಲ್ಲವಾ ಅಂತ ಪಕ್ಕದಲ್ಲಿ ಒಂದು ಸಾಲು ಸಾಕು.

ಕೈಯಿಂದ ಸುತ್ತಿದ್ದು, ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದೇ ಸಿಗಾರ್ ಸೇದಿ ಕೊಟ್ಟ ಅಂಕವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಅದೇ ಪೆಟ್ಟಿಗೆಯಿಂದ ಇನ್ನೆರಡನ್ನು ಬೇರೆ ಬೇರೆ ವಾರಗಳಲ್ಲಿ, ಅದೇ ತೇವದಲ್ಲಿ ಸೇದಿ. ಮೂರೂ ಹತ್ತಿರ ಹತ್ತಿರ ಬಂದರೆ ಸರಾಸರಿ ತೆಗೆದು ಪೆನ್ನಿನಲ್ಲಿ ಬರೆಯಿರಿ. ಒಂದು 92, ಇನ್ನೊಂದು 80 ಬಂದರೆ ಸರಾಸರಿ ಬೇಡ, ಎರಡೂ ಅಂಕಿಗಳನ್ನು ಹಾಗೇ ಬರೆಯಿರಿ. ಅಂಥ ಸಿಗಾರ್ ಎಷ್ಟೇ ಚೆನ್ನಾಗಿದ್ದರೂ ಪೆಟ್ಟಿಗೆಗಟ್ಟಲೆ ಕೊಳ್ಳಬೇಡಿ. ಬಿಡಿಯಾಗಿ, ಒಂದೊಂದನ್ನೇ ಒತ್ತಿ ನೋಡಿ ಆರಿಸಿಕೊಳ್ಳಿ.